ನಡೆಯುವ ಊರಿಗೆ ವಿಮಾನ ಇಳಿಸುವವಳು

ನನ್ನ ಹೆಂಡತಿ ನೀಲವ್ವ ವಿಮಾನ ಹಾರಿಸುತ್ತಾಳೆ. ಈ ಮಾತನ್ನು ಯಾರಿಗೇ ಹೇಳುವಾಗಲೂ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ. ಮದುವೆಯಾಗಿ ಮೂವತ್ತು ವರ್ಷ ದಾಟಿದರೂ ಆ ಅಭ್ಯಾಸ ಹೋಗಿಲ್ಲ, ಹೋಗಲಿ ಎಂದು ನಾನು ಪ್ರಯತ್ನವನ್ನೂ ಮಾಡಿಲ್ಲ. ನನ್ನ ಹೆಸರು ಫಕೀರಪ್ಪ. ವಿಮಾನ ನಿಲ್ದಾಣದ ಗೋಪುರದಲ್ಲಿ ಮೈಕಿನ ಮುಂದೆ ಕೂತು, ಊರು ಈಗ ಎಲ್ಲಿದೆ ಎಂದು ಮೇಲಿದ್ದವರಿಗೆ ಹೇಳುವುದು ನನ್ನ ಕೆಲಸ.

ನಮ್ಮ ಊರು ಒಂದೇ ಕಡೆ ಇರುವುದಿಲ್ಲ. ಬೆಳಗಾದರೆ ಎಮ್ಮೆ ಎದ್ದಂತೆ ಎದ್ದು, ಮನೆ, ಮಠ, ಬಾವಿ, ಬೇವಿನ ಮರ ಎಲ್ಲವನ್ನೂ ಬೆನ್ನ ಮೇಲೆ ಹೊತ್ತು ಗುಡ್ಡಗಳ ನಡುವೆ ಒಂದಷ್ಟು ದೂರ ನಡೆಯುತ್ತದೆ. ಆಮೇಲೆ ಮುಂದಿನ ಮೊಣಕಾಲು ಊರಿ, ಹಿಂದಿನದನ್ನು ಮಡಚಿ ಮಲಗಿಬಿಡುತ್ತದೆ. ನಿನ್ನೆ ಬಲಕ್ಕಿದ್ದ ಹಳ್ಳ ಇವತ್ತು ಕಾಣುವುದೇ ಇಲ್ಲ. ಹಾಗಾಗಿ ನಮಗೆ ರಸ್ತೆ ಇಲ್ಲ. ನಮ್ಮವರು ನೇಯ್ದ ಕಂಬಳಿ ಕೆಳಗಿನ ಪಟ್ಟಣಕ್ಕೆ ಹೋಗುವುದೂ, ಅಲ್ಲಿಂದ ಜೋಳ, ಔಷಧಿ, ಬೀಗರು ಬರುವುದೂ ವಿಮಾನದಲ್ಲಿ. ಮಠದ ಸ್ವಾಮಿಗಳು ಪೂಜೆಗೆ ಕೂರುವ ಮುಂಚೆ, ಮುಲ್ಲಾಸಾಹೇಬರು ನಮಾಜಿಗೆ ನಿಲ್ಲುವ ಮುಂಚೆ ಗೋಪುರದ ಕಡೆ ಕಿವಿ ಕೊಡುತ್ತಾರೆ, ದಿಕ್ಕು ತಿಳಿಯಲು. ಬಿಸಿಲು ಕಾಯುವ ಮುದುಕಿಯರು ಕಟ್ಟೆಯನ್ನು ನಂಬುವುದಿಲ್ಲ, ಕೈಯಲ್ಲಿ ಮಣೆ ಹಿಡಿದೇ ಹೊರಗೆ ಬರುತ್ತಾರೆ. ಹೆಣ್ಣು ಕೊಡಲು ಬಂದವರಿಗೆ ನಮ್ಮ ಹಿರಿಯರು ಹೇಳುವ ಮಾತು ಒಂದೇ: "ಊರು ಎಲ್ಲೈತಿ ಅಂತ ಕೇಳಬ್ಯಾಡ್ರಿ, ಹೆಂಗೈತಿ ಅಂತ ಕೇಳ್ರಿ."

ಎಲ್ಲರಿಗೂ ದಿಕ್ಕು ಬೇಕಾದ್ದರಿಂದ ನನ್ನ ರೇಡಿಯೋದ ಮಾತೆಲ್ಲ ಸಂತೆಪೇಟೆಯ ಸ್ಪೀಕರಿನಲ್ಲಿ ಕೇಳುತ್ತದೆ. ವಿಮಾನ ಹತ್ತಿರ ಬಂದಾಗ ನಾನು ನಾಲ್ಕು ಅಂಕಿ ಹೇಳುತ್ತೇನೆ: ಊರಿನ ದಿಕ್ಕು, ನೆಲದ ಎತ್ತರ, ಗಾಳಿ, ರನ್‌ವೇ ಯಾವ ಕಡೆ ಮುಖ ಮಾಡಿದೆ ಎನ್ನುವುದು. ಪೈಲಟ್ ಅದನ್ನು ಹಾಗೇ ತಿರುಗಿ ಹೇಳಬೇಕು. ನೀಲವ್ವ ಹೇಳುತ್ತಿದ್ದ ಚೆಂದವೇ ಬೇರೆ. ನಾನು ಕೊನೆಯ ಅಂಕಿ ಮುಗಿಸುವ ಮುಂಚೆಯೇ ಅವಳು ಮೊದಲನೆಯದನ್ನು ಶುರು ಮಾಡಿರುತ್ತಿದ್ದಳು. ಪೇಟೆಯ ಜನ ವ್ಯಾಪಾರ ನಿಲ್ಲಿಸಿ ಕೇಳುತ್ತಿದ್ದರು. "ಬಂದ್ಳು ನಮ್ಮ ನೀಲವ್ವ" ಎಂದು ಮತ್ತೆ ತಕ್ಕಡಿ ಎತ್ತುತ್ತಿದ್ದರು.

ಅವಳಿಗೆ ಅರವತ್ತೊಂದು ತುಂಬಿದ ವರ್ಷ, ಒಂದು ಬೆಳಿಗ್ಗೆ, ನಾನು ನಾಲ್ಕೂ ಅಂಕಿ ಹೇಳಿ ಕಾಯುತ್ತಿದ್ದೆ. ರೇಡಿಯೋದಲ್ಲಿ ಇಂಜಿನ್ನಿನ ಸದ್ದು ಮಾತ್ರ ಬಂತು. ಆಮೇಲೆ ಅವಳ ದನಿ.

"ಇನ್ನೊಮ್ಮಿ ಹೇಳ್ರಿ."

ನಾನು ಇನ್ನೊಮ್ಮೆ ಹೇಳಿದೆ. ಅವಳು ಸರಿಯಾಗಿ ತಿರುಗಿ ಹೇಳಿ, ಎಂದಿನಂತೆ ಹಗುರವಾಗಿ ಇಳಿಸಿದಳು. ಮನೆಗೆ ಬಂದವಳು ಚಪ್ಪಲಿ ಬಿಡುವ ಮುಂಚೆಯೇ ಕೇಳಿದಳು: "ಮೈಕ್ ಕೆಟ್ಟೈತೇನು?"

"ಇಲ್ಲ."

"ಹಂಗಾರ ನೀವು ಗಡಿಬಿಡಿ ಮಾಡಿ ಹೇಳೀರಿ."

ಇರಬಹುದು ಎಂದುಕೊಂಡು ಮರುದಿನ ಒಂದೊಂದೇ ಅಂಕಿಯನ್ನು ಬಿಡಿಸಿ ಬಿಡಿಸಿ ಹೇಳಿದೆ. "ಅಂಗನವಾಡಿ ಹುಡುಗರಿಗೆ ಹೇಳಿದಂಗ ಹೇಳಬ್ಯಾಡ್ರಿ" ಎಂದು ಅವಳು ಮೇಲಿಂದಲೇ ಬೈದಳು. ಪೇಟೆಯಲ್ಲಿ ನಗು ಎದ್ದಿತು. ಆದರೆ ವಾರ ಕಳೆಯುವಷ್ಟರಲ್ಲಿ 'ಇನ್ನೊಮ್ಮಿ' ಎನ್ನುವ ಮಾತು ಮತ್ತೆ ಬಂತು, ಮತ್ತೂ ಬಂತು, ಮತ್ತು ಜನ ನಗುವುದನ್ನು ಬಿಟ್ಟರು.

ಒಂದು ದಿನ ಅವಳು ಕೇಳಲೂ ಇಲ್ಲ. ಅಂಕಿಗಳನ್ನು ತಿರುಗಿ ಹೇಳುವಾಗ ದಿಕ್ಕಿನ ಜಾಗದಲ್ಲಿ ಗಾಳಿಯದನ್ನೂ ಗಾಳಿಯ ಜಾಗದಲ್ಲಿ ದಿಕ್ಕಿನದನ್ನೂ ಹೇಳಿ, ನಾನು "ಅಲ್ಲ, ಅಲ್ಲ" ಎನ್ನುವಷ್ಟರಲ್ಲಿ ಗುಡ್ಡದ ಆಚೆ ಹೋಗಿಬಿಟ್ಟಿದ್ದಳು. ಅಲ್ಲಿ ರೇಡಿಯೋ ಮುಟ್ಟುವುದಿಲ್ಲ. ಆ ವಿಮಾನದಲ್ಲಿ ಬಾಣಂತನ ಮುಗಿಸಿ ಕೂಸಿನ ಜೊತೆ ಗಂಡನ ಮನೆಗೆ ಬರುತ್ತಿದ್ದ ಹುಡುಗಿ ಇದ್ದಳು. ಅವಳ ಅತ್ತೆ ಆರತಿ ತಟ್ಟೆ ಹಿಡಿದು ರನ್‌ವೇ ಪಕ್ಕ ನಿಂತಿದ್ದವಳು ನಿಂತೇ ಇದ್ದಳು. ಕೊನೆಗೆ ವಿಮಾನ ಬಂದು ಇಳಿದಾಗ ಟ್ಯಾಂಕಿನಲ್ಲಿ ಪೆಟ್ರೋಲ್ ತಳ ಕಂಡಿತ್ತು. ನೀಲವ್ವ ಎಲ್ಲರಿಗಿಂತ ಮೊದಲು ಇಳಿದು, ಏಣಿಯ ಬುಡದಲ್ಲಿ ನಿಂತು, ಇಳಿದ ಒಬ್ಬೊಬ್ಬರಿಗೂ ಹೇಳಿದಳು: "ತಪ್ಪು ನಂದು. ವಿಮಾನದ್ದಲ್ಲ, ಗೋಪುರದ್ದಲ್ಲ."

ಅದಾದ ಮೇಲೆ ಟಿಕೆಟ್ ಕಿಟಕಿಯಲ್ಲಿ ಜನ ಹೊಸ ಪ್ರಶ್ನೆ ಕೇಳಲು ಶುರು ಮಾಡಿದರು: "ಇಮ್ತಿಯಾಜನ ಪಾಳಿ ಎಂದೈತಿ?" ಇಮ್ತಿಯಾಜ್ ನಮ್ಮ ಊರಿನ ಇನ್ನೊಬ್ಬ ಪೈಲಟ್, ಮುಲ್ಲಾಸಾಹೇಬರ ಮಗ. ಮೂವತ್ತೆರಡರ ಪ್ರಾಯ. ನೀಲವ್ವನೇ ಅವನಿಗೆ ವಿಮಾನ ಕಲಿಸಿದ್ದು. ಅಂಕಿ ಒಮ್ಮೆ ಹೇಳಿದರೆ ಕಲ್ಲಿನ ಮೇಲೆ ಕೊರೆದಂತೆ ಅವನ ತಲೆಯಲ್ಲಿ ನಿಲ್ಲುತ್ತಿದ್ದವು. ಆ ಪ್ರಶ್ನೆ ನೀಲವ್ವನ ಕಿವಿಗೂ ಬಿತ್ತು. ಅವತ್ತು ಸಂಜೆ ರೊಟ್ಟಿ ಬಡಿಯುತ್ತಾ ನನ್ನನ್ನು ಒಲೆಯ ಹತ್ತಿರ ಕೂರಿಸಿಕೊಂಡಳು.

"ನಂಬರ್ ಹೇಳ್ರಿ."

ನಾನು ಮನಸ್ಸಿಗೆ ಬಂದ ನಾಲ್ಕು ಅಂಕಿ ಹೇಳಿದೆ. ಅವಳು ರೊಟ್ಟಿ ತಿರುಗಿಸಿ ಹಾಕಿ, ಮೂರನ್ನು ಹೇಳಿದಳು. ನಾಲ್ಕನೆಯದು ಬರಲಿಲ್ಲ. ಮತ್ತೆ ಹೇಳಿದೆ. ಮತ್ತೆ ಮೂರು. ಬಡಿಯುವ ಸದ್ದು ಜೋರಾಗುತ್ತಾ ಹೋಯಿತು, ಅವತ್ತಿನ ರೊಟ್ಟಿ ಹಾಳೆಯ ಹಾಗೆ ತೆಳ್ಳಗಿದ್ದವು. ಹಂಚು ಇಳಿಸಿ, ಕೈ ಒರೆಸಿಕೊಂಡು ಅವಳು ನನ್ನನ್ನು ನೋಡಿದಳು. "ಹಾರಿಸೋದು ಹಂಗ ಐತ್ರಿ. ಕೈಯಾಗಿಂದು ಎಲ್ಲೂ ಹೋಗಿಲ್ಲ. ಕಿವಿಯಾಗ ಬಿದ್ದದ್ದು ಮಾತ್ರ ಸೋರಾಕತ್ತೈತಿ." ಅವಳ ಕಣ್ಣಲ್ಲಿ ಹೆದರಿಕೆ ಕಂಡದ್ದು ಅದೇ ಮೊದಲು. ನಾನು ರೊಟ್ಟಿ ಚೆನ್ನಾಗಿವೆ ಎಂದೆ.

ಊರ ಕಮಿಟಿಯ ಅಧ್ಯಕ್ಷರು ದೊಡ್ಡಬಸಪ್ಪನವರು. ಕೆಟ್ಟ ಮನುಷ್ಯರಲ್ಲ. ಮನೆಗೇ ಬಂದು, ಚಹಾ ಕುಡಿದು, ಬಹಳ ಹೊತ್ತು ಕಂಬಳಿಯ ಮಾತಾಡಿ, ಆಮೇಲೆ ಹೇಳಿದರು: "ತಂಗಿ, ನನ್ನ ಮೊಮ್ಮಕ್ಕಳು ನಿನ್ನ ವಿಮಾನದಾಗ ಹಾರ್ಯಾರ. ನಾಳೆನೂ ಹಾರಬೇಕು. ಅದಕ್ಕ ಒಬ್ಬ ಡಾಕ್ಟರನ್ನ ಕರಸಾಕತ್ತೀವಿ. ಇಬ್ಬರನ್ನೂ ನೋಡಲಿ, ನಿನ್ನನ್ನೊಬ್ಬಾಕಿನ ಅಲ್ಲ."

"ನೋಡಲಿ" ಎಂದಳು ನೀಲವ್ವ. "ನನಗೂ ತಿಳೀಬೇಕಾಗೈತಿ."

ಡಾಕ್ಟರ್ ಮಂದಾಕಿನಿ ಕೆಳಗಿನ ಪಟ್ಟಣದಿಂದ ಒಂದು ದೊಡ್ಡ ಪೆಟ್ಟಿಗೆ ತಂದರು. ಒಳಗೆ ಕೂತರೆ ವಿಮಾನದಲ್ಲಿ ಕೂತ ಹಾಗೇ. ಎದುರಿಗೆ ಪರದೆ, ಕೈಗೆ ಹಿಡಿಕೆ, ಕಿವಿಗೆ ಹೆಡ್‌ಫೋನು. ಶಾಲೆಯ ಕೋಣೆಯಲ್ಲಿ ಅದನ್ನಿಟ್ಟು ಇಬ್ಬರನ್ನೂ ಹಲವು ದಿನ ಕೂರಿಸಿ ಪರೀಕ್ಷೆ ಮಾಡಿದರು. ಮುಗಿದ ಮೇಲೆ ಫಲಿತಾಂಶವನ್ನು ಮಠದ ಅಂಗಳದಲ್ಲಿ ಎಲ್ಲರೆದುರು ಹೇಳಬೇಕೆಂದು ನೀಲವ್ವನೇ ಹಠ ಹಿಡಿದಳು. ತನ್ನ ತಪ್ಪನ್ನು ಸ್ಪೀಕರಿನಲ್ಲಿ ಎಲ್ಲರೂ ಕೇಳಿದ್ದಾರೆ, ಇದನ್ನೂ ಕೇಳಲಿ ಎಂದಳು.

"ಒಂದೇ ಸಲ ಕೇಳಿದ ಅಂಕಿಗಳನ್ನು ಹಿಡಿದಿಟ್ಟುಕೊಳ್ಳುವುದರಲ್ಲಿ ಇಮ್ತಿಯಾಜ್ ಮುಂದಿದ್ದಾರೆ, ಬಹಳ ಮುಂದಿದ್ದಾರೆ" ಎಂದರು ಡಾಕ್ಟರ್. "ಇದು ವಯಸ್ಸು ಮಾಡುವ ಕೆಲಸ. ಎಷ್ಟು ಅಭ್ಯಾಸ ಮಾಡಿದರೂ ಪೂರ್ತಿ ತಪ್ಪಿಸಲು ಬರುವುದಿಲ್ಲ. ಆದರೆ ಅಡ್ಡಗಾಳಿಯಲ್ಲಿ ವಿಮಾನವನ್ನು ನೇರ ಇಡುವುದು, ಎದುರು ಬಂದದ್ದನ್ನು ತಪ್ಪಿಸುವುದು, ಯಾವುದನ್ನು ಮೊದಲು ನೋಡಬೇಕು ಯಾವುದನ್ನು ಆಮೇಲೆ ನೋಡಬೇಕು ಎನ್ನುವುದು, ಇದರಲ್ಲಿ ನೀಲವ್ವನವರ ಹತ್ತಿರ ಬರುವ ಪೈಲಟನ್ನು ನಾನು ಈವರೆಗೆ ಕಂಡಿಲ್ಲ. ಅದು ಅನುಭವ ಮಾಡಿದ ಕೆಲಸ."

"ಹಂಗಾರ ಆಕಿ ಹಾರಿಸಬೇಕೋ, ಬ್ಯಾಡೋ?" ಎಂದು ದೊಡ್ಡಬಸಪ್ಪನವರು ಕೇಳಿದರು.

"ಒಂದು ಸಲದ ಪರೀಕ್ಷೆಯಿಂದ ಅದನ್ನು ಹೇಳಿದರೆ ನಾನು ಸುಳ್ಳು ಹೇಳಿದ ಹಾಗಾಗುತ್ತದೆ. ವರ್ಷಕ್ಕೊಮ್ಮೆ ಬಂದು ನೋಡುತ್ತೇನೆ. ಅಲ್ಲಿಯವರೆಗೆ ಅವರ ಪಕ್ಕದಲ್ಲಿ ಇನ್ನೊಬ್ಬರು ಕೂರಲಿ."

ನೀಲವ್ವನ ಮುಖ ಕೆಂಪಾಯಿತು. ಎದ್ದು ನಿಂತಳು. "ಮೊದಲ ದಿನ ಇವನ ಸೊಂಟಕ್ಕ ಬೆಲ್ಟ್ ಕಟ್ಟಿದಾಕಿ ನಾನು. ಈಗ ನನ್ನ ಕಾಯಾಕ ಇವನು ಕೂಡ್ತಾನೇನು? ನಾಳಿನ ಟಿಕೆಟ್ ಮಾರ್ಯಾರ, ನಾಳೆ ಹೋಗಿ ಬರ್ತೀನಿ. ನಾಡದ್ದಿನಿಂದ ನಿಮ್ಮ ವಿಮಾನ ನಿಮಗ."

ಇಮ್ತಿಯಾಜ್ ಅವಳ ಹತ್ತಿರ ಬಂದು ತಗ್ಗಿದ ದನಿಯಲ್ಲಿ, ಆದರೆ ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಅಕ್ಕಾರ, ಅಡ್ಡಗಾಳಿ ಬಂದ್ರ ನನಗ ಇನ್ನಾ ಕೈ ಬೆವರ್ತಾವ. ಯಾರಿಗೂ ಹೇಳಿಲ್ಲ. ನಾಳೆ ನಾ ಪಕ್ಕದಾಗ ಕುಂತು ನೋಡ್ತೀನಿ. ನಿಮ್ಮನ್ನ ಕಾಯಾಕ ಅಲ್ಲ, ನಿಮ್ಮ ಕೈ ನೋಡಾಕ."

ಅವಳು ಅವನ ಕಡೆ ತಿರುಗಿದಳು. "ಬಾ. ಬಾಯಿ ಮುಚ್ಚಿಕೊಂಡು ಕೂಡು" ಎಂದಳು.

ಮರುದಿನ ಬೆಳಿಗ್ಗೆ ಊರು ಏಳಲಿಲ್ಲ. ಹಾಗೆ ಆಗುವುದುಂಟು, ಸೋಮಾರಿತನ ಮಾಡಿ ಮಲಗಿಯೇ ಇರುತ್ತದೆ. ನೀಲವ್ವ, ಇಮ್ತಿಯಾಜ್ ಇಬ್ಬರೂ ಕಂಬಳಿಯ ಹೊರೆ ಇಳಿಸಿ ಬರಲು ಪಟ್ಟಣಕ್ಕೆ ಹೋದರು. ಡಾಕ್ಟರ್ ಮಂದಾಕಿನಿ ನನ್ನ ಕೆಲಸ ನೋಡಲೆಂದು ಗೋಪುರಕ್ಕೆ ಬಂದು ಸ್ಟೂಲಿನ ಮೇಲೆ ಕೂತರು. ವಿಮಾನ ವಾಪಸು ಹೊರಟಿದೆ, ಆಸ್ಪತ್ರೆಯಿಂದ ಬರುವವರು, ಶಾಲೆಯ ಮೇಷ್ಟ್ರು, ಮದುವೆಗೆ ಬರುವ ಬೀಗರು ಎಲ್ಲ ತುಂಬಿದ್ದಾರೆ ಎಂದು ಸುದ್ದಿ ಬಂತು. ಅದೇ ಹೊತ್ತಿಗೆ, ನಡುಮಧ್ಯಾಹ್ನ, ನಮ್ಮ ಊರು ಎದ್ದಿತು. ಎದ್ದದ್ದೇ ನಡೆಯತೊಡಗಿತು, ಮೋಡದೊಳಗೇ.

"ಗೋಪುರ, ನಾನು. ಗುಡ್ಡ ದಾಟೇವಿ. ಊರು ಎಲ್ಲೈತಿ?"

"ಎದ್ದು ನಡದೈತಿ, ನೀಲಾ" ಎಂದು ನಾಲ್ಕೂ ಅಂಕಿ ಹೇಳಿದೆ. ಅವಳು ಮೂರನ್ನು ತಿರುಗಿ ಹೇಳಿದಳು. ನಾಲ್ಕನೆಯದನ್ನು ನಾನು ಮತ್ತೆ ಹೇಳುವಷ್ಟರಲ್ಲಿ ಊರು ಬಲಕ್ಕೆ ತಿರುಗಿತು, ಎಲ್ಲವೂ ಬದಲಾದವು. ಹೊಸದಾಗಿ ಹೇಳಿದೆ. ಅವಳು ಎರಡು ಹೇಳಿದಳು. ಊರು ಮತ್ತೆ ತಿರುಗಿತು. ಕೆಳಗೆ ಪೇಟೆಯಲ್ಲಿ ಒಂದು ಕೂಸೂ ಅಳಲಿಲ್ಲ. ರೇಡಿಯೋದಲ್ಲಿ ಇಂಜಿನ್ನಿನ ಸದ್ದು ಬಂತು, ಬಂತು, ಆಮೇಲೆ ಅವಳು ಮಾತಾಡಿದಳು.

"ನನಗ ನಂಬರ್ ತಲ್ಯಾಗ ನಿಲ್ಲವಲ್ಲವು."

ನಾನು ಹೊಸ ಅಂಕಿಗಳನ್ನು ಗೀಚಿಕೊಂಡೆ.

"ಪೇಟ್ಯಾಗ ಎಲ್ಲಾರೂ ಕೇಳಾಕತ್ತೀರಲ್ಲ? ಚಲೋ ಆತು. ನಿಲ್ಲವಲ್ಲವು. ಇಮ್ತಿಯಾಜ್, ನಂಬರ್ ನೀ ಹಿಡಿ. ಯಾವುದು ಬದಲಾಗ್ತೈತಿ ಅದನ್ನಷ್ಟ ನನಗ ಹೇಳು. ವಿಮಾನ ನಾ ಹಿಡೀತೀನಿ."

ಅವಳ ದನಿಯಲ್ಲಿ ಅಳುಕು ಇರಲಿಲ್ಲ. ಮನೆಯಲ್ಲಿ ಕೊಡ ಭಾರವಾದಾಗ "ಆ ಕಡೆ ಹಿಡೀರಿ" ಎನ್ನುತ್ತಾಳಲ್ಲ, ಅದೇ ದನಿ. ಇಮ್ತಿಯಾಜ್ ಅಂಕಿಗಳನ್ನು ತೆಗೆದುಕೊಂಡ. ಊರು ತಿರುಗಿದಂತೆಲ್ಲ ನಾನು ಹೇಳಿದೆ, ಅವನು ತಿರುಗಿ ಹೇಳಿದ, ಅವಳು ವಿಮಾನವನ್ನು ತಿರುಗಿಸಿದಳು. ಮೋಡ ಹರಿಯಿತು. "ಊರು ಕಾಣಾಕತ್ತೈತಿ ಕಾಕಾ" ಎಂದು ಇಮ್ತಿಯಾಜ್ ಕೂಗಿದ. ಅದೇ ಗಳಿಗೆಯಲ್ಲಿ ನನ್ನ ಕಾಲ ಕೆಳಗೆ ಧೊಪ್ ಎಂದಿತು, ಗೋಪುರ ನಿಂತಿತು.

"ಊರು ಕುಂತೈತಿ. ಇಳೀರಿ" ಎಂದೆ.

"ಅಕ್ಕಾರ, ಎಲ್ಲಾ ಸರಿ ಐತಿ" ಎಂದ ಇಮ್ತಿಯಾಜ್. "ಪೆಟ್ರೋಲೂ ಕಮ್ಮಿ ಐತಿ. ಇಳಿಸೋಣು."

ವಿಮಾನದ ಮೂತಿ ರನ್‌ವೇ ಕಡೆ ತಿರುಗಿ ಕೆಳಗೆ ಬರುತ್ತಿದ್ದುದು ನನಗೆ ಕಾಣುತ್ತಿತ್ತು. ಆಗ ಅವಳು ನನ್ನನ್ನು ಕೇಳಿದಳು: "ರೀ, ನಿಮ್ಮ ಮೇಜಿನ ಮ್ಯಾಲ ಕುಡಿಯೋ ನೀರೈತೇನು?"

"ಐತಿ."

"ಹೆಂಗ ನಿಂತೈತಿ?"

ನೋಡಿದೆ. ಲೋಟದಲ್ಲಿ ನೀರು ಒಂದು ಪಕ್ಕಕ್ಕೆ ಅಂಚಿನವರೆಗೆ ಏರಿತ್ತು. ಡಾಕ್ಟರೂ ಬಗ್ಗಿ ನೋಡಿದರು. "ಮುಂದಕ್ಕ ವಾಲೇತಿ" ಎಂದೆ.

"ಹಂಗಾರ ಮುಂದಿನ ಮೊಣಕಾಲು ಊರೇತಿ, ಹಿಂದಿಂದು ಇನ್ನಾ ಮಡಚಿಲ್ಲ. ಇಮ್ತಿಯಾಜ್, ಇಳಿಯಂಗಿಲ್ಲ. ಒಂದು ಸುತ್ತು."

ಗೋಪುರ ಇರುವುದು ಊರಿನ ಮುಂದಿನ ತುದಿಯಲ್ಲಿ, ರನ್‌ವೇ ಇರುವುದು ಹಿಂದೆ. ವಿಮಾನ ನಮ್ಮ ತಲೆಯ ಮೇಲಿಂದ ಗರ್ಜಿಸುತ್ತಾ ಮತ್ತೆ ಮೇಲೇರಿತು. ಅದು ಬೇವಿನ ಮರಗಳನ್ನು ದಾಟುವಷ್ಟರಲ್ಲಿ ಊರಿನ ಹಿಂಭಾಗ ಧಡಾರನೆ ಕೂತಿತು. ರನ್‌ವೇ ಎರಡಾಳುದ್ದ ಕೆಳಗಿಳಿಯಿತು, ಅದರ ಉದ್ದಕ್ಕೂ ಧೂಳು ಎದ್ದಿತು. ನನ್ನ ಲೋಟದ ನೀರು ಒಮ್ಮೆ ತುಳುಕಿ ಸಮವಾಗಿ ನಿಂತಿತು. ನಾನು ಹೇಳುವ ಮುಂಚೆ ಡಾಕ್ಟರ್ ಮೈಕಿನ ಹತ್ತಿರ ಬಾಯಿಟ್ಟು, "ನೀರು ಸಮ ಆಯಿತು ನೀಲವ್ವ" ಎಂದರು.

ಸುತ್ತು ಹೊಡೆದು ಬರುವಾಗ ಅಡ್ಡಗಾಳಿ ಎದ್ದಿತ್ತು. ವಿಮಾನ ಒಂದು ಹೆಗಲು ತಗ್ಗಿಸಿ, ಏಡಿಯ ಹಾಗೆ ಓರೆಯಾಗಿ ಬಂದು, ಕೊನೆಯ ಗಳಿಗೆಯಲ್ಲಿ ನೆಟ್ಟಗಾಗಿ ನೆಲ ಮುಟ್ಟಿತು. ರೇಡಿಯೋ ಇನ್ನೂ ತೆರೆದೇ ಇತ್ತು. "ನೋಡಿದೇನು ಕೈ?" ಎಂದು ಅವಳು ಕೇಳಿದ್ದೂ, "ನೋಡಿದ್ನಿ ಅಕ್ಕಾರ" ಎಂದು ಅವನು ಹೇಳಿದ್ದೂ ಪೇಟೆಗೆಲ್ಲ ಕೇಳಿತು. ಆಮೇಲೆ ಎದ್ದ ಕೂಗು ಎಷ್ಟಿತ್ತೆಂದರೆ, ಊರು ಬೆದರಿ ಮತ್ತೆ ಎದ್ದೀತು ಎಂದು ನನಗೆ ಭಯವಾಯಿತು.

ನಾನು ಮೆಟ್ಟಿಲಿಳಿದು ಓಡಿದೆ. ಡಾಕ್ಟರೂ ನನ್ನ ಜೊತೆ ಬಂದರು. "ನಾನು ಬಹಳ ಪೈಲಟರನ್ನು ನೋಡಿದ್ದೇನೆ" ಎಂದರು ಏದುಸಿರು ಬಿಡುತ್ತಾ. "ಮರೆತಾಗ ಮರೆತೆ ಎಂದು ಹೇಳಿದವರನ್ನು ಕೈಬೆರಳಲ್ಲಿ ಎಣಿಸಬಹುದು. ಅದನ್ನು ಅಳೆಯಲು ನನ್ನ ಪೆಟ್ಟಿಗೆಯಲ್ಲಿ ಏನೂ ಇಲ್ಲ."

ರನ್‌ವೇ ಮೇಲೆ ಜನ ನೆರೆದಿದ್ದರು. ದೊಡ್ಡಬಸಪ್ಪನವರು ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. ನೀಲವ್ವ ಅವರ ಎದುರು ಬಂದು ನಿಂತಳು. "ಅಣ್ಣಾರ, ಇವತ್ತು ಇವನಿಲ್ಲದಿದ್ರ ನನಗ ಊರು ಸಿಗ್ತಿರಲಿಲ್ಲ. ನಾನಿಲ್ಲದಿದ್ರ ಇವನಿಗೆ ಊರು ಸಿಕ್ಕು, ಮುರಕೊಂಡು ಬೀಳ್ತಿದ್ದ. ಇನ್ನು ಮ್ಯಾಲ ಒಬ್ಬರ ಹಾರಿಸೋದು ಬ್ಯಾಡ. ನಾನೂ ಒಬ್ಬಾಕಿ ಹೋಗಂಗಿಲ್ಲ, ಅವನೂ ಒಬ್ಬನ ಹೋಗಂಗಿಲ್ಲ. ಇದು ಕಮಿಟಿ ಹೇಳಿದ್ದಲ್ಲ, ನಾ ಹೇಳಿದ್ದು. ಹಂಗಂತ ಸ್ಪೀಕರಿನಾಗ ಹೇಳಿಸ್ರಿ." ದೊಡ್ಡಬಸಪ್ಪನವರು ಹಾಗೆಯೇ ಹೇಳಿಸಿದರು.

ಅಂದಿನಿಂದ ನಮ್ಮ ವಿಮಾನದಲ್ಲಿ ಇಬ್ಬರು ಪೈಲಟರು. ನಾನು ಅಂಕಿಗಳನ್ನು ನಾಲ್ಕೂ ಒಟ್ಟಿಗೆ ಹೇಳುವುದನ್ನು ಬಿಟ್ಟು ಎರಡೆರಡಾಗಿ ಹೇಳುತ್ತೇನೆ. ಅದೂ ಅವಳೇ ಹೇಳಿಕೊಟ್ಟದ್ದು. ಡಾಕ್ಟರ್ ಮಂದಾಕಿನಿ ಹೇಳಿದ ಮಾತಿನಂತೆ ವರ್ಷಕ್ಕೊಮ್ಮೆ ಪೆಟ್ಟಿಗೆ ತರುತ್ತಾರೆ. ಪಟ್ಟಣದ ಪೈಲಟರನ್ನೂ ಅವರು ಅದರಲ್ಲೇ ಕೂರಿಸುತ್ತಾರಂತೆ. ಕಳೆದ ಸಲ ಬಂದಾಗ ನಮ್ಮ ಮನೆಯಲ್ಲೇ ಊಟಕ್ಕೆ ಕೂತು ಹೇಳಿದರು: "ಎಲ್ಲರ ನೆನಪಿನ ಶಕ್ತಿಯೂ ವರ್ಷ ವರ್ಷ ಸ್ವಲ್ಪ ಸ್ವಲ್ಪ ಇಳಿಯುತ್ತಿದೆ. ನೀಲವ್ವನವರದೂ ಇಳಿದಿದೆ. ಆದರೆ ಅವರ ಓರಗೆಯವರಲ್ಲಿ ಇಷ್ಟು ನಿಧಾನವಾಗಿ ಇಳಿದವರು ಇನ್ನೊಬ್ಬರಿಲ್ಲ."

ನೀಲವ್ವ ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. "ಇಳಿಯೋದು ನನ್ನ ಕಸುಬು ಡಾಕ್ಟರ, ಸಾವಕಾಶ ಇಳೀತೀನಿ" ಎಂದಳು. ಡಾಕ್ಟರ್ ನಕ್ಕ ನಗುವಿಗೆ ಬೆಕ್ಕು ಎದ್ದು ಹೊರಗೆ ಹೋಯಿತು.

ಇಷ್ಟು ವರ್ಷ ನಾನೊಮ್ಮೆಯೂ ಅವಳ ಜೊತೆ ಹಾರಿರಲಿಲ್ಲ. ನಾನು ಮೇಲೆ ಹೋದರೆ ಕೆಳಗಿನಿಂದ ದಾರಿ ಹೇಳುವವರು ಯಾರು? ಈಚೆಗೆ ಇಮ್ತಿಯಾಜನ ಹೆಂಡತಿ ಶಮೀಮ್ ಗೋಪುರದ ಕೆಲಸ ಕಲಿತಿದ್ದಾಳೆ. ಹೋದ ತಿಂಗಳು ಅವಳೇ ನನ್ನನ್ನು ಕುರ್ಚಿಯಿಂದ ಎಬ್ಬಿಸಿ, "ಹೋಗಿ ಬರ್ರಿ ಕಾಕಾ, ನಾ ಅದೀನಿ" ಎಂದು ಕಳಿಸಿದಳು. ನನ್ನನ್ನು ಪೈಲಟರಿಬ್ಬರ ಬೆನ್ನ ಹಿಂದಿನ ಮಡಚುವ ಸೀಟಿನಲ್ಲಿ ಕೂರಿಸಿದರು. ನೀಲವ್ವನೇ ಬೆಲ್ಟು ಬಿಗಿದು, ಕಿವಿಗೆ ಹೆಡ್‌ಫೋನು ಹಾಕಿದಳು.

ಮರಳಿ ಬರುವಾಗ ಶಮೀಮ್ ಅಂಕಿ ಹೇಳಿದಳು. ಮೂವತ್ತು ವರ್ಷ ನಾನು ಹೇಳಿದ ಅಂಕಿಗಳೇ ಅವು, ಅದೇ ಕ್ರಮ. ಆದರೆ ಇಂಜಿನ್ನಿನ ಮೊರೆತ, ಗಾಳಿಯ ಬಡಿತ, ಎದುರಿಗೆ ನಡುಗುವ ಮುಳ್ಳುಗಳು ಇವುಗಳ ನಡುವೆ ನನಗೆ ಒಂದೂ ಹಿಡಿಯಲು ಆಗಲಿಲ್ಲ. ಇಮ್ತಿಯಾಜ್ ನಾಲ್ಕನ್ನೂ ಹಿಡಿದ. ನೀಲವ್ವ ಮೂರನ್ನು ತುಟಿಯಲ್ಲಿ ಹೇಳಿಕೊಂಡದ್ದು ಹಿಂದಿನಿಂದ ಓರೆಯಾಗಿ ನನಗೆ ಕಂಡಿತು. ಈ ಗದ್ದಲದಲ್ಲಿ, ಅರವತ್ತೈದರ ವಯಸ್ಸಿನಲ್ಲಿ, ಮೂರು. ನಾನು ಅವಳ ಬಿಳಿ ಜಡೆಯನ್ನೇ ನೋಡುತ್ತಾ ಕೂತೆ.

ಮೋಡದಿಂದ ಹೊರಗೆ ಬಂದಾಗ ಕೆಳಗೆ ನಮ್ಮ ಊರು ನಡೆಯುತ್ತಿತ್ತು. ಬಟ್ಟೆ ಒಣಹಾಕಿದ ಹಗ್ಗಗಳು, ಮಠದ ಮುಂದಿನ ಅಂಗಳ, ನನ್ನ ಗೋಪುರ ಎಲ್ಲ ಸಣ್ಣಗೆ ತೂಗುತ್ತಾ ಗುಡ್ಡದ ಮಗ್ಗುಲಲ್ಲಿ ಸರಿಯುತ್ತಿದ್ದವು. ಅವಳು ಅವಸರ ಮಾಡಲಿಲ್ಲ. ಅದು ಕೂರುವವರೆಗೆ ಜೊತೆಜೊತೆಗೆ ಹಾರಿದಳು.

"ಇನ್ನಾ ಎಷ್ಟು ವರ್ಷ ಹಾರಿಸ್ತಿ?" ಎಂದು ಕೇಳಿದೆ.

"ಡಾಕ್ಟರ್ ಬ್ಯಾಡ ಅಂದ ದಿನ ಬಿಡ್ತೀನಿ" ಎಂದಳು ಹಿಂದೆ ತಿರುಗದೆ. "ಅವರಿಗಿಂತ ಮೊದಲು ನನಗ ತಿಳೀತು ಅಂದ್ರ ಅವತ್ತ ಬಿಡ್ತೀನಿ. ಈಗ ಮಾತಾಡಬ್ಯಾಡ್ರಿ, ಕೆಲಸ ಐತಿ."

ನಾನು ಮಾತಾಡಲಿಲ್ಲ. ಸೀಟಿನ ಅಂಚನ್ನು ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿ, ಚಕ್ರ ನೆಲಕ್ಕೆ ಬಡಿಯುವುದನ್ನೇ ಕಾಯುತ್ತಿದ್ದೆ. ಕಾಯುತ್ತಲೇ ಇದ್ದೆ. ಯಾರೋ ನನ್ನ ಕಿವಿಯಿಂದ ಹೆಡ್‌ಫೋನು ತೆಗೆದರು. ಕಣ್ಣು ಬಿಟ್ಟರೆ ಇಂಜಿನ್ ನಿಂತಿತ್ತು, ಬಾಗಿಲು ತೆರೆದಿತ್ತು, ಬೇವಿನ ಮರದ ಗಾಳಿ ಒಳಗೆ ಬರುತ್ತಿತ್ತು. ನೀಲವ್ವ ನನ್ನ ಬೆಲ್ಟು ಬಿಚ್ಚುತ್ತಿದ್ದಳು.

"ಇಳೀರಿ" ಎಂದಳು. "ಊರು ಬಂತು."